ಒದ್ದೆಯಲ್ಲಿ ಕಟ್ಟಿದ ಜಡೆ

ಬೆಳಕೆ, ಭಟ್ಕಳ ತಾಲ್ಲೂಕು
೧೮ ಆಗಸ್ಟ್ ೨೦೨೪, ಭಾನುವಾರ

ಪ್ರಿಯ ಜಯಂತಿ,

ಅವ್ವ, ವಿನುತಾ, ನಾನು, ಮೂವರೂ ಆರೋಗ್ಯವಾಗಿದ್ದೇವೆ. ಈ ವಾಕ್ಯ ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಉಳಿದದ್ದನ್ನು ತಿಳಿಸುವುದಕ್ಕಾಗಿಯೇ ಈ ಕಾಗದ.

ವಾರಕ್ಕೆ ನಾಲ್ಕು ಸಲ ಫೋನಿನಲ್ಲಿ ಸಿಗುವ ಗಂಡ ಕಾಗದ ಬರೆದನೆಂದು ನೀನು ಗಾಬರಿಯಾಗಬಾರದು. ನಮ್ಮ ವರ್ಕ್‌ಶಾಪಿನ ಸಾಹೇಬರ ಸೊಸೆ ಬುಧವಾರ ನೀನಿರುವ ಮಸ್ಕತ್‌ಗೆ ಹೊರಟಿದ್ದಾರೆ. ಅವ್ವ ಹುರಿದು ಕುಟ್ಟಿದ ಒಣ ಸೀಗಡಿಯ ಶೆಟ್ಲಿ ಪುಡಿಯ ಡಬ್ಬವನ್ನು ಒಯ್ಯಲು ಒಪ್ಪಿದ್ದಾರೆ. ಅದರ ಜೊತೆಗೆ ಇದೂ ಬರುತ್ತದೆ. ಕಾಗದವನ್ನೇ ಆರಿಸಿದ್ದಕ್ಕೆ ಬೇರೆ ಕಾರಣವೂ ಇದೆ. ಈ ವಿಷಯವನ್ನು ಅಮ್ಮನಿಗೆ ಫೋನಿನಲ್ಲಿ ಹೇಳಬಾರದೆಂದು ವಿನುತಾ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಕಾಗದದ ಬಗ್ಗೆ ಅವಳು ಏನನ್ನೂ ಹೇಳಿರಲಿಲ್ಲ.

ಕಳೆದ ಶುಕ್ರವಾರ ನೀನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ನನ್ನ ಮುಖ ನೋಡೂಕೂ ಅವಳಿಗೆ ಮನಸಿಲ್ಲ. ಬಿಟ್ಟು ಬಂದೆ ಅಂತ ಸಿಟ್ಟು. ಈ ತಿಂಗಳ ಕೊನೆಗೆ ನೋಟಿಸ್ ಕೊಟ್ಟು ಬಂದ್‌ಬಿಡ್ತೆ, ನೀವು ಎಂತದೂ ಹೇಳಬೇಡಿ." ನಾನು "ಹಾಗೇನಿಲ್ಲ" ಎಂದೆ. ನನ್ನ "ಹಾಗೇನಿಲ್ಲ"ಕ್ಕೆ ಎಷ್ಟು ತೂಕವಿದೆಯೆಂಬುದು ಹದಿನಾಲ್ಕು ವರ್ಷ ನನ್ನೊಡನೆ ಬಾಳಿದ ನಿನಗೆ ಗೊತ್ತು. ಆದ್ದರಿಂದ ಕಾರಣಸಹಿತವಾಗಿ ಬರೆಯುತ್ತೇನೆ.

ವಿನುತಾಳಿಗೆ ನಿನ್ನ ಮೇಲೆ ಸಿಟ್ಟಿಲ್ಲ. ಅವಳ ಕೂದಲು ಉದುರುತ್ತಿದೆ. ಎರಡೂ ಕಣತಲೆಯಲ್ಲಿ, ಕಿವಿಯ ಮೇಲ್ಗಡೆ, ಹಣೆಯ ಅಂಚಿನಲ್ಲಿ, ಬೈತಲೆಯ ಮುಂಭಾಗದಲ್ಲಿ. ನೀನು ಡ್ಯೂಟಿಯ ಸ್ಕಾರ್ಫ್ ಬಿಚ್ಚುವುದಕ್ಕೂ ಮೊದಲೇ ಫೋನ್ ಹಚ್ಚುತ್ತೀ, ಹಚ್ಚಿದೊಡನೆ ಕೇಳುವುದು ಒಂದೇ: "ಎಲ್ಲಿ, ಜಡೆ ತೋರ್ಸು." ಆ ಮಾತಿಗೆ ಹೆದರಿ ಅವಳು ಕ್ಯಾಮೆರಾದ ಎದುರು ಬರುವುದನ್ನು ನಿಲ್ಲಿಸಿದಳು. ಪರೀಕ್ಷೆ, ಹೊಟ್ಟೆನೋವು, ನೆಟ್‌ವರ್ಕ್ ಇಲ್ಲ ಎಂದು ಹೇಳಿದ್ದೆಲ್ಲ ನೆಪ.

ಇದು ಹೇಗಾಯಿತೆಂದು ಕ್ರಮವಾಗಿ ಹೇಳುತ್ತೇನೆ.

ನೀನು ಹೊರಟ ಬೆಳಿಗ್ಗೆ ಜಗುಲಿಯ ಮೆಟ್ಟಿಲಲ್ಲಿ ಅವಳನ್ನು ಕೂರಿಸಿಕೊಂಡು ಎರಡು ಜಡೆ ಹೆಣೆದಿದ್ದೆ. "ನಾ ವಿಮಾನ ಹತ್ತೂವರೆಗೂ ಬಿಚ್ಚುದಿಲ್ಲ ನೋಡು" ಎಂದಿದ್ದೆ. ನಿನ್ನ ವಿಮಾನ ಇಳಿದು ನೀನು ಕೆಲಸಕ್ಕೆ ಸೇರಿದ ಮೇಲೂ ಅವಳು ಆ ಜಡೆ ಬಿಚ್ಚಲು ಬಿಡಲಿಲ್ಲ. ಕೊನೆಗೆ ಅವಳು ನಿದ್ದೆಯಲ್ಲಿದ್ದಾಗ ಅವ್ವ ಮೆಲ್ಲಗೆ ಬಿಚ್ಚಬೇಕಾಯಿತು. ಎದ್ದವಳು ಅಜ್ಜಿಯೊಡನೆ ಎರಡು ಹೊತ್ತು ಮಾತು ಬಿಟ್ಟಳು.

ಅವ್ವನ ಬೆರಳುಗಳು ಸಂಧಿವಾತದಿಂದ ಮಡಚುವುದಿಲ್ಲ. ಹೀಗಾಗಿ ಜಡೆಯ ಕೆಲಸ ನನಗೆ ಬಂತು. ನಾನು ಹಾಕಿದ ಜಡೆ ಶಾಲೆ ತಲುಪುವುದರೊಳಗೆ ಸಡಿಲಾಗುತ್ತಿತ್ತು. ಬಸ್ಸಿನ ಹತ್ತಿರ ನಿಂತಿದ್ದ ಬಂಗಾರಿ, ನಮ್ಮ ಹಿಂದಿನ ಮನೆಯವಳು, ಬೇರೊಬ್ಬಳಿಗೆ ಹೇಳುವಂತೆ ಹೇಳಿದಳಂತೆ: "ಅಬ್ಬೆ ಊರಲ್ಲಿಲ್ಲ ಅಂತ ಜಡೆ ನೋಡಿದ್ರೇ ಗೊತ್ತಾಗ್ತದೆ." ವಿನುತಾ ಸಂಜೆ ಬಂದವಳೇ ನನ್ನ ಎದುರು ಬೆನ್ನು ಮಾಡಿ ಕೂತಳು. "ಅಪ್ಪ, ಅಮ್ಮ ಕಟ್ಟಿದ ಹಾಗೆ ಬಿಗಿ ಕಟ್ಟು. ನೋವಾದ್ರೂ ಅಡ್ಡಿಲ್ಲ" ಎಂದಳು.

ಬಿಗಿಯಾಗಿ ಕಟ್ಟುವುದು ನನಗೆ ಗೊತ್ತಿದ್ದ ಕೆಲಸ. ಅಪ್ಪನ ದೋಣಿಯಲ್ಲಿ ತೆಂಗಿನ ನಾರಿನ ಹಗ್ಗ ಇದ್ದ ಕಾಲದಲ್ಲಿ ಅವನು ಕಲಿಸಿದ್ದ ಮೊದಲ ಪಾಠ ಇದು: ನಾರಿನ ಹಗ್ಗ ನೀರು ಕುಡಿದಾಗ ಬಿಗಿಯುತ್ತದೆ, ಒಣಗಿದಾಗ ಸಡಿಲಾಗುತ್ತದೆ. ಒದ್ದೆಯಲ್ಲಿ ಕಟ್ಟುವಾಗ, ಕೈಗೆ ಸಾಕೆನಿಸಿದ ಮೇಲೂ ಇನ್ನೊಂದು ಎಳೆತ ಎಳೆದೇ ಗಂಟು ಹಾಕಬೇಕು. ಇಲ್ಲವಾದರೆ ಬಿಸಿಲೇರಿದಾಗ ದೋಣಿ ತನ್ನ ದಾರಿ ಹಿಡಿಯುತ್ತದೆ. ವಿನುತಾ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬರುತ್ತಿದ್ದಳು. ನಾನು ಒದ್ದೆ ಕೂದಲನ್ನು ಹಾಗೆಯೇ ಮೂರು ಎಳೆ ಮಾಡಿ, ಸಾಕೆನಿಸಿದ ಮೇಲೆ ಇನ್ನೊಂದು ಎಳೆತ ಎಳೆದು, ಮೇಲಕ್ಕೆ ಮಡಚಿ ರಿಬ್ಬನ್ ಕಟ್ಟುತ್ತಿದ್ದೆ. ಸಂಜೆಯವರೆಗೂ ಒಂದು ಎಳೆಯೂ ಹೊರಬರುತ್ತಿರಲಿಲ್ಲ. ಬಂಗಾರಿಯೇ ಒಂದು ದಿನ "ದುರ್ಗಪ್ಪಣ್ಣ, ನಮ್ಮನೆ ಹುಡ್ಗಿಗೂ ನೀವೇ ಹಾಕಿ ಮಾರಾಯ್ರೆ" ಎಂದಾಗ ನಾನು ಸಂತೋಷಪಟ್ಟದ್ದನ್ನು ಇಲ್ಲಿ ದಾಖಲಿಸಬೇಕು.

ಜುಲೈಯಲ್ಲಿ, ಬೋಟುಗಳು ದಡದಲ್ಲಿದ್ದು ಇಂಜಿನ್ ಬಿಚ್ಚುವ ಕೆಲಸ ವಿಪರೀತ ಇದ್ದಾಗ, ಒಂದು ಬೆಳಿಗ್ಗೆ ಕರೆಂಟು ಇರಲಿಲ್ಲ. ಮಳೆಯ ಕತ್ತಲೆ. ವರ್ಕ್‌ಶಾಪಿನಲ್ಲಿ ಹಣೆಗೆ ಕಟ್ಟಿಕೊಳ್ಳುವ ದೀಪವನ್ನು ಹಚ್ಚಿಕೊಂಡು ಜಡೆಗೆ ಕೂತೆ. ಆ ಬೆಳಕಿನಲ್ಲಿ ಅವಳ ಕಣತಲೆಯ ಚರ್ಮ ಹೊಳೆಯಿತು. ಕೂದಲಿರಬೇಕಾದ ಜಾಗದಲ್ಲಿ ಮುರಿದ ಸಣ್ಣ ತುದಿಗಳು, ಅಲ್ಲಲ್ಲಿ ಕೆಂಪು ಗುಳ್ಳೆ. ನಾನು ಕೈ ನಿಲ್ಲಿಸಿದೆ. ಅವಳು ತಿರುಗದೆಯೇ, "ಗೊತ್ತಾತಾ?" ಎಂದಳು. ಅವಳಿಗೆ ಅದು ಮೊದಲೇ ಗೊತ್ತಿತ್ತು. ತರಗತಿಯಲ್ಲಿ ಹುಡುಗಿಯರು "ನಿನ್ ಹಣೆ ಮೇಲೆ ಕ್ರಿಕೆಟ್ ಆಡ್ಲಕ್ಕು" ಎನ್ನುತ್ತಿದ್ದರಂತೆ. ಇವಳೂ ಸುಮ್ಮನಿರಲಿಲ್ಲ: "ಆಡಿ, ಟಿಕೆಟ್ ನಾನೇ ಇಡ್ತೆ."

ಆ ವಾರವೇ ಕುಮಟಾದ ಚರ್ಮರೋಗ ವೈದ್ಯೆಯ ಬಳಿ ಕರೆದುಕೊಂಡು ಹೋದೆ. ಅವರು ಭೂತಗನ್ನಡಿಯಲ್ಲಿ ಪರೀಕ್ಷಿಸಿ, ಜಡೆ ಯಾರು ಹಾಕುವುದೆಂದು ಕೇಳಿದರು. ನಾನೇ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಬ್ಯಾಂಡೇಜಿನ ಮೂರು ಪಟ್ಟಿ ಕತ್ತರಿಸಿ, ಕುರ್ಚಿಯ ಬೆನ್ನಿಗೆ ಕಟ್ಟಿ, "ಹಾಕಿ ತೋರ್ಸಿ" ಎಂದರು. ಹಾಕಿ ತೋರಿಸಿದೆ. ಅವರು ಅದನ್ನು ಹಿಡಿದು ಎಳೆದು, ಕುರ್ಚಿಯೇ ಇತ್ತ ಬಂದಾಗ, "ಇದಕ್ಕೆ ಜಡೆ ಹೇಳ್ತ್ರಾ? ಇದ್ರಲ್ಲಿ ಬೋಟ್ ಕಟ್ಲಕ್ಕು" ಎಂದರು. ವಿನುತಾ ಎಷ್ಟೋ ದಿನಗಳ ನಂತರ ನಕ್ಕಳು. ಹಾಗಾಗಿ ನಾನು ಬೇಸರಿಸಲಿಲ್ಲ.

ಅವರು ವಿವರಿಸಿದ್ದು ನೀನು ನರ್ಸ್ ಆದ್ದರಿಂದ ನಿನಗೆ ತಿಳಿದಿರಬಹುದು. ಕೂದಲು ನಾರಿನ ಹಗ್ಗಕ್ಕೆ ವಿರುದ್ಧ. ಒದ್ದೆಯಾದಾಗ ಹಿಗ್ಗುತ್ತದೆ, ಒಣಗುತ್ತ ಕುಗ್ಗುತ್ತದೆ. ನಾನು ಬೆಳಿಗ್ಗೆ ಎಳೆದು ಕಟ್ಟಿದ್ದು ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಇನ್ನಷ್ಟು ಎಳೆಯುತ್ತಿತ್ತು. ಜಡೆಗೆ ಏನೂ ಆಗುವುದಿಲ್ಲ. ಭಾರವೆಲ್ಲ ಬೀಳುವುದು ಬುಡಕ್ಕೆ. ಹಗ್ಗದ ಇನ್ನೊಂದು ತುದಿ ಗೂಟಕ್ಕಿರುತ್ತದೆ, ಇಲ್ಲಿ ಇನ್ನೊಂದು ತುದಿ ಮಗುವಿನ ತಲೆಗಿದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬುಡಗಳು ಇನ್ನೂ ಸತ್ತಿಲ್ಲ ಎಂದರು. ಎಳೆತ ಈಗಲೇ ನಿಂತರೆ ಕೆಲವು ತಿಂಗಳಲ್ಲಿ ಕೂದಲು ಮರಳಿ ಬರುತ್ತದೆ. ಹೀಗೆಯೇ ಮುಂದುವರಿದರೆ ಆ ಜಾಗ ಶಾಶ್ವತವಾಗಿ ಖಾಲಿ ಉಳಿಯುತ್ತದೆ. ಒಂದು ಮುಲಾಮು ಕೊಟ್ಟರು. ಕೂದಲು ಒಣಗಿದ ಮೇಲೆಯೇ ಬಾಚಬೇಕು, ಅಗಲ ಹಲ್ಲಿನ ಬಾಚಣಿಗೆ ಬಳಸಬೇಕು, ಒಂದೇ ಸಡಿಲ ಜಡೆ ಹಾಕಬೇಕು ಎಂದರು. ಬರುವಾಗ ಹೊನ್ನಾವರದಲ್ಲಿ ಇಳಿದು ಮರದ ಬಾಚಣಿಗೆಯೊಂದನ್ನು ಕೊಂಡೆವು. ಬಸ್ಸು ಶರಾವತಿ ಸೇತುವೆ ದಾಟುವಾಗ ಅವಳು ನನ್ನ ತೋಳು ಹಿಡಿದು, ಅಮ್ಮನಿಗೆ ಫೋನಿನಲ್ಲಿ ಹೇಳಬೇಡ ಎಂದಳು. "ಅಮ್ಮನ ಕೂದಲು ಅಷ್ಟು ದಪ್ಪ, ನಂದು ಹಿಂಗೆ ಅಂತ ಅಮ್ಮನಿಗೆ ಬೇಜಾರಾಗ್ತದೆ." ನಾನು "ಆತು" ಎಂದೆ.

ಇಲ್ಲಿಗೆ ಮುಗಿದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಮರುದಿನ ಒಣಗಿದ ಕೂದಲಿಗೆ ಸಡಿಲ ಜಡೆ ಹಾಕಿದೆ. ಅವಳು ತಲೆಯನ್ನು ಅತ್ತಿತ್ತ ಅಲ್ಲಾಡಿಸಿ ನೋಡಿ ಅಳತೊಡಗಿದಳು. ನೋಯುತ್ತಿದೆಯೇ ಎಂದು ಕೇಳಿದೆ. "ನೋವೇ ಇಲ್ಲ. ಎಂತದೂ ಗೊತ್ತೇ ಆಗುದಿಲ್ಲ ಅಪ್ಪ. ಬಿಗಿ ಇದ್ರೆ ಅಮ್ಮ ಹಿಂದೆ ಕೂತು ಹಿಡ್ಕಂಡ ಹಾಗೆ ಇರ್ತಿತ್ತು, ಶಾಲೆ ಬಿಡೂವರೆಗೂ." ಅವಳ ಮಾತನ್ನು ಅವಳು ಹೇಳಿದಂತೆಯೇ ಬರೆದಿದ್ದೇನೆ. ನನ್ನ ಕಡೆಯಿಂದ ಒಂದು ಪದವನ್ನೂ ಸೇರಿಸಿಲ್ಲ.

ಅಂದಿನಿಂದ ಅವಳು ನನ್ನೆದುರು ಸಡಿಲ ಜಡೆಯಲ್ಲಿ ಹೊರಡುತ್ತಾಳೆ. ಶಾಲೆಯಲ್ಲಿ ಬಿಚ್ಚಿ, ರಬ್ಬರ್ ಹಾಕಿ ಬಿಗಿದುಕೊಳ್ಳುತ್ತಾಳೆ. ಸಂಜೆ ಬರುವಾಗ ಮತ್ತೆ ಸಡಿಲ. ಆದರೆ ಕಣತಲೆಯ ಮೇಲಿನ ಗುಳ್ಳೆ ಸುಳ್ಳು ಹೇಳುವುದಿಲ್ಲ. ನಾನು ವೈದ್ಯೆಯ ಮಾತನ್ನು ನೆನಪಿಸಿದೆ. ಅವ್ವ ತನ್ನದೇ ದಾರಿಯಲ್ಲಿ ಪ್ರಯತ್ನಿಸಿದಳು. ಸೆರಗು ಸರಿಸಿ, ಮೀನಬುಟ್ಟಿ ಹೊತ್ತು ಹೊತ್ತು ಸವೆದ ನೆತ್ತಿಯನ್ನು ಬಗ್ಗಿಸಿ ತೋರಿಸಿ, "ನೋಡು ಮಗಾ, ಸಿಂಬೆ ಇಟ್ಟು ಇಟ್ಟು ಬೋಳಾತು. ಈ ನೆತ್ತಿ ನೋಡಿ ಯಾರಾದ್ರೂ ಬಂಗಡೆ ಬೇಡ ಅಂದ್ರಾ?" ಎಂದಳು. ವಿನುತಾ ನೆತ್ತಿಗೆ ಮುತ್ತು ಕೊಟ್ಟಳು. ಮರುದಿನವೂ ರಬ್ಬರ್ ಅವಳ ಚೀಲದಲ್ಲೇ ಇತ್ತು.

ಆದ್ದರಿಂದ ಈ ಕೆಲಸ ನಮ್ಮಿಂದ ಆಗುವುದಲ್ಲ. ಬಿಗಿ ನಿನ್ನದೆಂದು ಅವಳು ನಂಬಿದ್ದಾಳೆ. ಸಡಿಲವೂ ನಿನ್ನದೇ ಎಂದು ನೀನೇ ಹೇಳಬೇಕು. ಹೇಗೆ ಹೇಳುವುದೆಂಬುದು ನನಗೆ ತಿಳಿಯದು, ನಿನಗೆ ತಿಳಿಯುತ್ತದೆ.

ನೋಟಿಸ್ ವಿಷಯ. ಮಗಳು ಮುಖ ತಿರುಗಿಸಿದಳೆಂಬ ಕಾರಣಕ್ಕೆ ಬರುವುದಾದರೆ ಬರಬೇಡ. ಆ ಕಾರಣ ನಿಜವಲ್ಲ. ಎಷ್ಟು ಕಷ್ಟಪಟ್ಟು ಆ ಕೆಲಸ ಹಿಡಿದೆ, ಅದರ ಮೇಲೆ ನಿನಗೆ ಎಷ್ಟು ಪ್ರೀತಿ ಎಂಬುದನ್ನು ಬಲ್ಲೆ.

ನೀನು ಬರುವುದು ನನಗೆ ಬೇಕು. ಮಗಳ ವಿಷಯದೊಡನೆ ಬೆರೆತು ಒತ್ತಾಯದಂತೆ ಕಾಣಬಾರದೆಂದು ಇದನ್ನು ಬೇರೆ ಸಾಲಿನಲ್ಲಿ ಬರೆದಿದ್ದೇನೆ.

ಮಳೆ ಬಿಟ್ಟು ಹೊಳವಾಗಿದೆ. ಬೋಟುಗಳು ನೀರಿಗಿಳಿದಿವೆ. ಶೆಟ್ಲಿ ಪುಡಿಗೆ ಖಾರ ಕಡಿಮೆ ಹಾಕಿದ್ದೇನೆಂದು ಅವ್ವ ಹೇಳುತ್ತಾಳೆ. ರುಚಿ ನೋಡಿದ ನನ್ನ ಅಭಿಪ್ರಾಯ ಬೇರೆ.

ಸಡಿಲ ಗಂಟನ್ನು ಈಗಷ್ಟೇ ಕಲಿಯುತ್ತಿರುವ
ನಿನ್ನ
ದುರ್ಗಪ್ಪ

ತಾ. ಕ.

ಲಕೋಟೆ ಅಂಟಿಸುವ ಮೊದಲು ಕಾಗದವನ್ನು ವಿನುತಾಳಿಗೆ ಓದಲು ಕೊಟ್ಟೆ. ಅವಳಿಗೆ ತಿಳಿಸದೆ ಕಳಿಸಿದ್ದರೆ ಕೊಟ್ಟ ಮಾತೇನೂ ತಪ್ಪುತ್ತಿರಲಿಲ್ಲ, ಆದರೂ ಮನಸ್ಸು ಒಪ್ಪಲಿಲ್ಲ. ಅವಳು ಮೊದಲು, "ಫೋನಲ್ಲಿ ಹೇಳಬೇಡ ಅಂದ್ರೆ ಕಾಗದದಲ್ಲಿ ಹೇಳೂದಾ? ನೀನು ಭಾರೀ ಅಪ್ಪ ಮಾರಾಯ" ಎಂದು ರೇಗಿದಳು. ಮತ್ತೆ ಮೊದಲಿನಿಂದ ಓದಿದಳು. ಸ್ಕಾರ್ಫಿನ ಸಾಲಿಗೆ ಬಂದು ಬೆರಳಿಟ್ಟು ನಿಂತಳು.

"ಅಪ್ಪ, ಡ್ಯೂಟಿ ಇಲ್ದಿದ್ ದಿವ್ಸವೂ ಅಮ್ಮ ಎಂತಕ್ಕೆ ಸ್ಕಾರ್ಫ್ ಕಟ್ಕಂಡೇ ಫೋನ್ ಮಾಡೂದು? ಬಕ್ರೀದ್ ರಜೆಲೂ ಇತ್ತು. ಅಮ್ಮನ ಹಣೆ ನೋಡಿ ಎಷ್ಟು ದಿನ ಆತು?"

ಡ್ಯೂಟಿಯಲ್ಲಿ ಸ್ಕಾರ್ಫಿನ ಹೊರಗೆ ಒಂದು ಕೂದಲೂ ಕಾಣದಂತೆ ದಿನವಿಡೀ ಬಿಗಿದು ಗಂಟು ಹಾಕಬೇಕೆಂದು ನೀನೇ ಒಮ್ಮೆ ಹೇಳಿದ್ದೆ. ಬೆಳಿಗ್ಗೆ ತಲೆ ಒಣಗಿಸಲು ನಿನಗೂ ಸಮಯವಿರುವುದಿಲ್ಲ. ನಿನ್ನ ಹಣೆಯ ಅಂಚೂ ಖಾಲಿಯಾಗುತ್ತಿರಬಹುದು. ಇದನ್ನು ನಾನು ನೋಡಬೇಕಿತ್ತು. ನೋಡಿದವಳು ಅವಳು.

ಆಮೇಲೆ ಅವಳು ಒಳಗೆ ಹೋಗಿ ತನ್ನ ಮರದ ಬಾಚಣಿಗೆಯನ್ನು ಪೇಪರಿನಲ್ಲಿ ಸುತ್ತಿ ತಂದು ಡಬ್ಬದ ಜೊತೆಗಿಟ್ಟಳು. ಚೀಲದಲ್ಲಿದ್ದ ರಬ್ಬರನ್ನು ನನ್ನ ಕೈಗೆ ಕೊಟ್ಟಳು. "ಒದ್ದೆ ಇದ್ದಾಗ ಬಾಚೂದು ಬೇಡ ಅಂತ ಬರಿ. ನಾನೂ ಬಿಗಿ ಕಟ್ಟುದಿಲ್ಲ, ಅಮ್ಮನೂ ಕಟ್ಟೂದು ಬೇಡ. ಶುಕ್ರವಾರ ನಾ ತಲೆ ತೋರ್ಸ್ತೆ. ಅಮ್ಮನೂ ಸ್ಕಾರ್ಫ್ ತೆಗ್ದು ಬರ್ಬೇಕು, ಬರಿ ಅಪ್ಪ" ಎಂದಳು. ಬರೆದಿದ್ದೇನೆ.

ಶುಕ್ರವಾರ ನಮ್ಮ ಕಡೆಯ ಫೋನನ್ನು ಅವಳ ಹಣೆ ಪೂರ್ತಿ ಕಾಣುವಷ್ಟು ದೂರದಲ್ಲಿ ನಾನು ಹಿಡಿದಿರುತ್ತೇನೆ. ನಿನ್ನ ಕಡೆಯದು ನಿನ್ನ ಕೈಯಲ್ಲಿದೆ.