ಕೈಗೇರದ ಹಸಿರು ಬಳೆ

ಗದಗ
ಫೆಬ್ರವರಿ 30, 2149

ಕಲ್ಪತರು ಬಡಾವಣೆಯ ಮಹಿಳಾ ಮಂಡಳದವರಿಗೆ,

2026ರ ಆಗಸ್ಟ್ 9ರ ಭಾನುವಾರ, ಏಳು ತಿಂಗಳ ಬಸುರಿ ನಾಗವೇಣಿ ಕೊಟಗಿಯನ್ನು ನೀವು ಅವಳ ಸೀಮಂತದ ಕುಬಸದ ದಿನವೇ ನಗೆಪಾಟಲು ಮಾಡಿದಿರಿ. ಅವಳು ನನ್ನ ಮುತ್ತಜ್ಜಿಯ ತಾಯಿ. ಫೆಬ್ರವರಿಗೆ ಮೂವತ್ತನೆಯ ದಿನ ಸೇರಿದ್ದು ನಿಮ್ಮ ಕಾಲದ ನಂತರ. ನಮ್ಮ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು. ಅಷ್ಟಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ.

ದಿನಕ್ಕೆ ಅರ್ಧ ತಾಸು ನಡೆಯಲು ಡಾಕ್ಟರು ಹೇಳಿದ್ದರು. ಅವಳು ನಿಮ್ಮ ಉದ್ಯಾನದಲ್ಲಿ, ಹೊಟ್ಟೆಯೊಳಗಿನ ಕೂಸಿಗೆ ಗಿಡಗಳ ಹೆಸರು ಹೇಳುತ್ತ, ಖುಷಿಯಿಂದ ನಡೆಯುತ್ತಿದ್ದಳು. ಅಲ್ಲೇ ನಡೆದ ಕುಬಸದಲ್ಲಿ ಹಸಿರು ಬಳೆ ಅವಳ ಬಾತ ಕೈಗೆ ಏರಲಿಲ್ಲ. ಅಧ್ಯಕ್ಷೆ ನೀಲಮ್ಮನವರು ಬಳೆ ಎತ್ತಿ ಎಲ್ಲರಿಗೂ ತೋರಿಸಿದರು: "ಏನವಾ ನಾಗವೇಣಿ, ಇದು ಕೈಯೋ ಕುಂಬಳಕಾಯಿಯೋ? ದಿನಾ ಅಡ್ಡಾಡಿನೂ ಇಷ್ಟ್ ಊದೀಯಲ್ಲ, ಮನ್ಯಾಗ ಕುಂತಿದ್ರ ಬಾಗಲಾ ಒಡೀಬೇಕಿತ್ತು!"

ಹಿಂದಿನಿಂದ ಯಾರೋ ಕೂಗಿದರು: "ಒಳಗ ಎಷ್ಟ್ ಮಂದಿ ಅದಾರ, ಕೇಳ್ರಿ ಅಕ್ಕಾರ!"

ಶುಭದ ದಿನ ಅಳಬಾರದೆಂದು ಅವಳೂ ನಕ್ಕಳು. ಸಂಜೆಯೊಳಗೆ ವಿಡಿಯೊ ನಿಮ್ಮ ವಾಟ್ಸಾಪ್ ಗುಂಪಿನಲ್ಲಿತ್ತು. ಮರುದಿನದಿಂದ ಅವಳು ನಡೆಯಲು ಹೋಗಲಿಲ್ಲ. ಕನ್ನಡಿಗೆ ಟವೆಲ್ ಹೊದಿಸಿದಳು. ಹೆರಿಗೆಯಾದ ಮೇಲೂ ಕೂಸಿನೊಂದಿಗೆ ಒಂದು ಫೋಟೊ ತೆಗೆಸಿಕೊಳ್ಳಲಿಲ್ಲ. ಅವಳ ಬಸಿರಿನ ಗುರುತಾಗಿ ನಮ್ಮಲ್ಲಿ ಉಳಿದದ್ದು ಆ ಬಳೆ ಮತ್ತು ನೀವು ನಗುತ್ತಿರುವ ವಿಡಿಯೊ.

ಈಗ ಪ್ರತಿ ಬಡಾವಣೆಯಲ್ಲೂ ಬಸಿರುದಾರಿ ಇದೆ. ಗರ್ಭಿಣಿಯರು ನಡೆಯುವ, ನಡುನಡುವೆ ಕೂರಲು ಕಲ್ಲುಬೆಂಚುಗಳಿರುವ ನೆರಳಿನ ದಾರಿ ಅದು. ಅಲ್ಲಿ ಅವರ ಮೈಯ ಬಗ್ಗೆ ಮಾತಾಡಿದವರು ಉತ್ತರಕಟ್ಟೆ ಹತ್ತಬೇಕು, ಎಂದರೆ ಊರಿನವರ ಎದುರು ಹೆಸರು ಹೇಳಿ ತಮ್ಮ ಮಾತಿಗೆ ಕಾರಣ ಕೊಡಬೇಕು. ನಮ್ಮ ಕಟ್ಟೆಯಲ್ಲಿ ಪ್ರತಿ ಫೆಬ್ರವರಿ ಮೂವತ್ತರಂದು ನಿಮ್ಮ ವಿಡಿಯೊ ಹಾಕುತ್ತೇವೆ. ನಾಗವೇಣಿಯ ಮುಖ ಮರೆಮಾಡುತ್ತೇವೆ, ನಿಮ್ಮದನ್ನು ಮಾಡುವುದಿಲ್ಲ. ನಿಮ್ಮ ಮರಿಮಕ್ಕಳ ಮಕ್ಕಳು ಮುಂದಿನ ಸಾಲಿನಲ್ಲಿ ಕೂತು ನೋಡುತ್ತಾರೆ. ಅವರಿಗೆ ಆ ಜಾಗ ಕಾಯ್ದಿಡುವವಳು ನಾನೇ.

ಈ ಪತ್ರ ಹಿಂದಿನ ಕಾಲಕ್ಕೆ ಬಂದು ನಿಮ್ಮ ಕೈ ಸೇರುವಾಗ ನಿಮ್ಮಲ್ಲಿ 2026ರ ಸೆಪ್ಟೆಂಬರ್, ಅವಳಿಗೆ ಎಂಟು ತಿಂಗಳು. ಇನ್ನೂ ನಿಮ್ಮ ಬೀದಿಯಲ್ಲೇ, ಮುಚ್ಚಿದ ಕನ್ನಡಿಯ ಮುಂದೆ ಇದ್ದಾಳೆ. ಮನೆಗೆ ಹೋಗಿ ಗುಟ್ಟಾಗಿ ಸಮಾಧಾನ ಹೇಳಬೇಡಿ. ನಕ್ಕದ್ದು ಎಲ್ಲರ ಮುಂದೆ. ಬರುವ ಭಾನುವಾರ ಅದೇ ಉದ್ಯಾನದಲ್ಲಿ, ನೀಲಮ್ಮನವರೇ ಮೊದಲಾಗಿ, ಒಬ್ಬೊಬ್ಬರೇ ಎದ್ದು ನಿಂತು ಹೆಸರು ಹೇಳಿ ಇದಕ್ಕೆ ಉತ್ತರ ಕೊಡಿ: ಆ ಹೆಂಗಸಿನ ಬಾತ ಕೈಯಲ್ಲಿ ನಗುವಂಥದ್ದು ಏನಿತ್ತು? ಉತ್ತರವನ್ನೂ ಅದೇ ಗುಂಪಿಗೆ ಹಾಕಿ. ನಾವು ಕಾಯುತ್ತಿದ್ದೇವೆ.

ಇಂದುಧರೆ ಕೊಟಗಿ