ಚಂದವ್ವನ ಗ್ಲೋವ್ಸ್

೧೪ ನವೆಂಬರ್, ಗುರುವಾರ

ಚಂದವ್ವ ಇವತ್ತು ಗ್ಲೋವ್ಸ್ ಹಾಕಿಕೊಂಡು ಲ್ಯಾಬಿನ ಮೇಜು ಒರೆಸುತ್ತಿದ್ದಳು. ಅದೇ ಕಣ್ಣಮುಂದೆ ನಿಂತಿದೆ.

ಉಪ್ಪುನೀರು ಕುಡಿದ ಭತ್ತದ ಸಸಿ ತನ್ನ ಜೀನುಗಳು ಕಳಿಸಿದ ಯಾವ ಸಂದೇಶವನ್ನು ಉಳಿಸಿಕೊಳ್ಳುತ್ತದೆ, ಯಾವುದನ್ನು ಬೇಗ ಚೂರುಮಾಡುತ್ತದೆ ಎಂಬುದೇ ನನ್ನ ಪಿಎಚ್‌ಡಿ. ಆ ಸಂದೇಶವೇ ಎಂಆರ್‌ಎನ್‌ಎ. ಬರಿಗೈ ತಾಕಿದರೆ ಸಾಕು, ಕೈಬೆವರಿನ ಕಿಣ್ವ ಅದನ್ನು ತಿಂದುಹಾಕುತ್ತದೆ.

ಸೋಮವಾರ ಎಂಟು ಟ್ಯೂಬುಗಳಲ್ಲೂ ಏನೂ ಉಳಿದಿರಲಿಲ್ಲ. ಒರೆಸುವಾಗ ಚಂದವ್ವನೇ ಮುಟ್ಟಿರಬೇಕೆಂದು ನನ್ನ ಗೈಡ್ ಸರ್ ಎಲ್ಲರೆದುರು ಬೈದರು. ಅಮ್ಮಿಯ ಫೋನ್ ಬಂದಾಗ ಗ್ಲೋವ್ಸ್ ಹಾಕಿದ ಕೈಯಲ್ಲೇ ಬೆವರು ಮೆತ್ತಿದ ಮೊಬೈಲ್ ಹಿಡಿದು ಮಾತಾಡಿ, ಅದೇ ಕೈಯಲ್ಲಿ ಟ್ಯೂಬುಗಳ ಮುಚ್ಚಳ ತೆಗೆದವಳು ನಾನು. ಅವರು ಬೈಯುವಾಗಲೇ ನನಗದು ಹೊಳೆದಿತ್ತು.

ಗೋವಾದ ಝುವಾರಿನಗರದಲ್ಲಿ ಚಂದವ್ವನದು ನಮ್ಮದೇ ಗಲ್ಲಿ. ಅಮ್ಮಿ ಗಾರೆ ಕೆಲಸಕ್ಕೆ ಹೋದ ದಿನ ನನಗೆ ರೊಟ್ಟಿ ಮುರಿದು ಉಣಿಸುತ್ತಿದ್ದ ಕೈ ಅದು.

ಇವತ್ತು ಮಧ್ಯಾಹ್ನ ಹತ್ತಿರ ಬಂದಳು. “ಫಿರ್ದೋಸ, ನಾ ಓದಿದಾಕಿ ಅಲ್ಲವ್ವಾ. ನಿನ್ನ ಆರ್ ತಿಂಗಳ ಕೆಲಸ ಕೆಡಿಸಿಬಿಟ್ಟೆ. ಈಗ ಇದನ್ನ ಹಾಕ್ಕೊಂಡೇನಿ, ಇನ್ನ ಕೆಡಂಗಿಲ್ಲ, ಹೌದಿಲ್ಲೊ?”

“ಇಲ್ಲ ಮಾವಶಿ, ಕೆಡಂಗಿಲ್ಲ” ಎಂದೆ.

ನಾಳೆ ಸರ್‌ಗೆ ಹೇಳಬೇಕು. ಮೂರು ದಿನದಿಂದ ಇಲ್ಲಿ ಇದೇ ಸಾಲು ಬರೆಯುತ್ತಿದ್ದೇನೆ.

ಒಂದೇ ಸಲ ಹಾಕಿ ಎಸೆಯುವ ಗ್ಲೋವ್ಸ್ ಅವು. ಅವಳು ಎಸೆಯಲಿಲ್ಲ, ಮನೆಗೆ ತಂದು ತೊಳೆದಿದ್ದಾಳೆ. ಕಿಟಕಿಯಿಂದ ಕಾಣುತ್ತಿವೆ. ಅವಳ ಮನೆಮುಂದಿನ ತಂತಿಯ ಮೇಲೆ ಎರಡೂ ಕೈ ನೇತಾಡುತ್ತಿವೆ, ನಾಳೆಗೆ ಒಣಗಲೆಂದು.