ಮಾರಿಸ್, ಆಸ್ಟಿನ್ ಮತ್ತು ಒಂದು ತಂಬಿಗೆ ನೀರು

12-4-2009, ಭಾನುವಾರ. ಬೆಳಿಗ್ಗೆ 7
ಮಾರಿಸ್ ಒರೆಸಿ ಆಯಿತು. ಬಂಪರ್‌ನಲ್ಲಿ ನನ್ನ ಮುಖ ಕಾಣುವ ತನಕ ಉಜ್ಜಿದ್ದೇನೆ. 1954ರ ಗಾಡಿ. ನನಗಿಂತ ಒಂದು ವರ್ಷ ದೊಡ್ಡದು, ಬೆಳಿಗ್ಗೆ ಏಳುವುದರಲ್ಲಿ ನನಗಿಂತ ಚುರುಕು. ಮಗಳು ಸ್ವಾತಿ ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಬಂದದ್ದು ಇದರಲ್ಲೇ. ಮುಂದಿನ ತಿಂಗಳು ಹಟ್ಟಿಯಂಗಡಿಗೆ ಅವಳ ಮದುವೆ ದಿಬ್ಬಣ ಹೋಗುವುದೂ ಇದರಲ್ಲೇ ಆಗಬೇಕು. ಇದೊಂದು ಆಸೆ.

ಸಂಜೆ
ಹೆಂಡತಿ ಶಾಂಭವಿಯ ತಮ್ಮ ಗೌರೀಶ್ ಕೊಕ್ಕರ್ಣೆಯಿಂದ ಬಂದ. ಅದೇ ಆಸ್ಟಿನ್ ಕಾರು — 1951. ಇಳಿಯುವ ಮೊದಲೇ ಶುರು.
“ಹ್ವಾಯ್ ಪ್ರೇಮಾನಂದ ಭಾವ, ಮದಿ ಹೆಣ್ಣ್ ನನ್ ಕಾರಂಗೇ ಹೋಯ್ಕ್. ಸೋದರಮಾವನ ಹಕ್ಕ್.”
“ನಿನ್ನ ಹಕ್ಕ್ ಮಂಟಪದ ಹತ್ರ. ರಸ್ತೆ ಮೇಲಲ್ಲ.”
“ನಿಮ್ದಕ್ಕೆ ಎರಡೇ ಬಾಗ್ಲ್. ರೇಷ್ಮಿ ಪಟ್ಟೆ ಸೀರಿ ಉಟ್ಕಂಡ್ ಹಿಂದಿನ್ ಸೀಟಿಗೆ ತೂರೂಕೆ ಅದೆಂತ ಕೋಳಿಯಾ?”
ಇದು ನನಗೆ ಹೊಳೆದೇ ಇರಲಿಲ್ಲ…
ಕೊನೆಗೆ ಶಾಂಭವಿಯ ತೀರ್ಮಾನ: ಬರುವ ಭಾನುವಾರ ಪರೀಕ್ಷೆ. ಸ್ವಾತಿಯ ತೊಡೆಯ ಮೇಲೆ ತುಂಬಿದ ತಂಬಿಗೆ. ಯಾರ ಕಾರಿನಲ್ಲಿ ನೀರು ಕಡಿಮೆ ಚೆಲ್ಲುತ್ತದೋ ಅದರಲ್ಲಿ ದಿಬ್ಬಣ.

19-4, ಭಾನುವಾರ
ಹಟ್ಟಿಯಂಗಡಿಗೆ ಹೋಗುವಾಗ ನನ್ನದು. ಸೈಕಲ್ಲಿನವರೂ ದಾಟಿ ಹೋದರು, ಅಷ್ಟು ನಿಧಾನ. ಆದರೂ ಅರ್ಧ ತಂಬಿಗೆ ಖಾಲಿ. ಮಗಳ ಚೂಡಿದಾರ ಒದ್ದೆ.
ಬರುವಾಗ ಆಸ್ಟಿನ್. ಮತ್ತೆ ತಂಬಿಗೆ ತುಂಬಿಸಿದೆವು. ಸೋತೆ ಎಂದುಕೊಂಡು ಮಾರಿಸ್‌ನಲ್ಲಿ ಹಿಂದೆ ಬರುತ್ತಿದ್ದೆ. ಏರಿನಲ್ಲಿ ಅದರ ಬಾನೆಟ್‌ನಿಂದ ಬುಸ್ಸೆಂದು ಹಬೆ! ತಣಿಯುವವರೆಗೆ ಕಾದು, ಸ್ವಾತಿ ತಂಬಿಗೆಯ ನೀರನ್ನೆಲ್ಲ ರೇಡಿಯೇಟರಿಗೇ ಹೊಯ್ದಳು.
“ಒಂದ್ ಹನಿ ಚೆಲ್ಲಲಿಲ್ಲೆ ಕಾಣಿ!” ಎಂದ ಗೌರೀಶ್.
ಚೆಲ್ಲಲಿಲ್ಲ, ನಿಜ. ಕುಡಿಯಿತು. ರಸ್ತೆ ಬದಿಯಲ್ಲಿ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.
ಆಮೇಲೆ ಸ್ವಾತಿಯೇ ಹೇಳಿದಳು. “ನಾನ್ ಮಾರಿಸಂಗೇ ಹೋತೆ. ಮುಂದಿನ್ ಸೀಟಂಗೆ.”
“ಹಾಂಗೇ ಆಯ್ಲಿ ಮಗಾ, ನನ್ ಪಕ್ಕ—”
“ಅಲ್ಲ ಅಪ್ಪಯ್ಯ, ನಿಮ್ ಜಾಗದಂಗೆ. ನಾನೇ ಗಾಡಿ ಬಿಡ್ತೆ. ಇಲ್ದಿರೆ ಮಾವನ ಕಾರೇ ಸೈ.”
ಲೈಸೆನ್ಸ್ ಉಂಟು ಅವಳಿಗೆ. ಆದರೆ ಇಪ್ಪತ್ತೆಂಟು ವರ್ಷದಿಂದ ಆ ಸ್ಟೇರಿಂಗ್ ಯಾರಿಗೂ ಕೊಟ್ಟವನಲ್ಲ ನಾನು. “ಕಾಂಬ, ನೋಡುವ” ಎಂದೆ, ಅಷ್ಟೇ.

3-5
ಹದಿನಾಲ್ಕು ದಿನ ಬರೆಯಲು ಪುರುಸೊತ್ತಿಲ್ಲ. ಬೆಳಗಾದರೆ ಮೈದಾನ, ಮಗಳಿಗೆ ಡಬಲ್ ಕ್ಲಚ್ ಪಾಠ, ಗೇರ್ ಬದಲಿಸುವಾಗ ಕ್ಲಚ್ ಎರಡು ಸಲ ತುಳಿಯುವುದು. ಮೊದಲ ದಿನ ಗೇರ್ ಕರಕರ ಎಂದಾಗ ನನ್ನ ಹಲ್ಲೇ ಸವೆದಂತಾಯಿತು. ನಿನ್ನೆ ಅದೇ ಏರನ್ನು ನನಗಿಂತ ನಯವಾಗಿ ಹತ್ತಿಸಿದಳು. ಬಹಳ ಖುಷಿ. ಹೊಟ್ಟೆಕಿಚ್ಚೂ ಸ್ವಲ್ಪ.

10-5, ಭಾನುವಾರ. ಬೆಳಿಗ್ಗೆ 7.40
ದಿಬ್ಬಣ ಹೊರಡುವ ಹೊತ್ತು, ಅಂಗಳದಲ್ಲಿ ಎರಡೂ ಗಾಡಿ. ಚಕ್ರದಡಿ ಲಿಂಬೆಹಣ್ಣು. ಮುಂದೆ ಆಸ್ಟಿನ್ — ಗೌರೀಶ್ ಎರಡು ಕ್ಯಾನ್ ನೀರು ಇಟ್ಟುಕೊಂಡಿದ್ದಾನೆ, ಕೇಳಿದರೆ ಕುಡಿಯಲಿಕ್ಕೆ ಅನ್ನುತ್ತಾನೆ. ಸ್ವಾತಿ ಪಟ್ಟೆ ಸೀರೆಯ ನೆರಿಗೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಬಂದು ಕೈ ಚಾಚಿದಳು. ಕೀ ಕೊಟ್ಟೆ.
ಕನ್ನಡಕ ಮರೆತೆನೆಂದು ಸುಳ್ಳು ಹೇಳಿ ಒಳಗೆ ಬಂದಿದ್ದೇನೆ. ಕಣ್ಣು ಒರೆಸಿಕೊಳ್ಳಬೇಕಿತ್ತು.
ಹಾರ್ನ್… ಮಾರಿಸ್‌ನದು. ಇಷ್ಟು ವರ್ಷ ಹಾರ್ನ್ ಒತ್ತುವವನು ನಾನು, ಓಡಿ ಬರುವವಳು ಅವಳು.
“ಅಪ್ಪಯ್ಯ, ಬನ್ನಿ! ಹೊತ್ತಾಯ್ತ್!”
ಬಂದೆ ಮಗಾ. ಪೆನ್ನಿನ ಕ್ಯಾಪ್ ಎಲ್ಲಿ…